ಮೂಲೆ ಹರಿದ ನೌಕರಿ ಕಾಗದ

ಘಣಸೋಲಿಯ ಹಳೇ ಊರಿನ ಬಾಡಿಗೆ ಖೋಲಿಯಲ್ಲಿದ್ದ ಸಾಬವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಕಾಗದದ ಮುಖ ನೋಡಿಯೇ ಒಳಗಿನ ಸುದ್ದಿ ಹೇಳುವಷ್ಟು ತಿಳಿದವಳು. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದರೆ ಮದುವೆ, ಒಂದು ಮೂಲೆ ಹರಿದಿದ್ದರೆ ಸಾವು. ಸಾವಿನ ಕಾಗದ ಹೊಸ್ತಿಲು ದಾಟಬಾರದು. ಹೊರಗೇ ಹರಿದು ಬಿಸಾಕಿ ತಲೆಯ ಮೇಲೆ ನೀರು ಹೊಯ್ದುಕೊಳ್ಳಬೇಕು. ದುಡಿಮೆಗಾಗಿ ಬಿಟ್ಟು ಬಂದ ಕಲಬುರ್ಗಿ ಸೀಮೆಯಲ್ಲಿ ಅವಳ ಅತ್ತೆ ಮಾಡುತ್ತಿದ್ದುದು ಹಾಗೆ, ಇವಳೂ ಹಾಗೆ.

ಎಂಬತ್ತೆರಡರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅಂಚೆಯವನು ಕೊಟ್ಟ ಲಕೋಟೆಯ ಮೂಲೆ ಹರಿದಿತ್ತು. ಚೀಲದಲ್ಲಿ ಯಾವುದಕ್ಕೆ ಸಿಕ್ಕಿ ಹರಿಯಿತೋ, ಇಲಿಯೇ ಕಡಿಯಿತೋ, ಅದನ್ನೆಲ್ಲ ಕೇಳುವ ಪದ್ಧತಿ ಇಲ್ಲ. ಸಾಬವ್ವ ನಿಂತಲ್ಲೇ ಅದನ್ನು ಚೂರುಚೂರು ಮಾಡಿ ಗಟಾರಕ್ಕೆ ಬಿಟ್ಟಳು. ಒಲೆ ಆರಿಸಿದಳು. ನಸುಕಿನಲ್ಲಿ ನಳದ ಮುಂದೆ ಜಗಳಾಡಿ ತುಂಬಿಟ್ಟ ನೀರನ್ನೆಲ್ಲ ತನಗೂ ಸೊಸೆ ಶರಣಬಸಮ್ಮನಿಗೂ ಸುರಿದು ಮುಗಿಸಿದಳು.

“ಸತ್ತವರು ಯಾರತ್ತಿ?” ಎಂದಳು ಸೊಸೆ, ನಡುಗುತ್ತ.

“ನಮ್ಮ ಮಾಪಣ್ಣ ಕಾಕಾನೇ ಇರಬೇಕು. ಹ್ವಾದ ವರ್ಷನೇ ಕೆಮ್ಮತಿದ್ದ.”

ಅಷ್ಟು ಗೊತ್ತಾದ ಮೇಲೆ ಅಳುವುದಕ್ಕೆ ಅನುಕೂಲವಾಯಿತು. ಮಾಪಣ್ಣ ಕೊಟ್ಟ ಎಮ್ಮೆಗರು, ಮಾಪಣ್ಣ ಒತ್ತಿಕೊಂಡ ಹೊಲದ ಬದು, ಎರಡನ್ನೂ ಸೇರಿಸಿ ರಾಗವಾಗಿ ಅತ್ತಳು.

ಮಗ ಶಿವರಾಯ ವಾಶಿ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಚೀಲ ಹೊತ್ತು ಸಂಜೆ ಬಂದಾಗ ಮನೆಯಲ್ಲಿ ರೊಟ್ಟಿ ಇರಲಿಲ್ಲ. ಸಂಗತಿ ಕೇಳಿ ಗಟಾರದ ಅಂಚಿಗೆ ಅಂಟಿದ್ದ ಚೂರೊಂದನ್ನು ಎತ್ತಿ ನೋಡಿದವನು ಕೂತೇಬಿಟ್ಟ.

“ಯವ್ವಾ, ಇದು ಟೈಪ್ ಹೊಡದ ಇಂಗ್ಲಿಷು. ನಮ್ಮೂರಾಗ ಇಂಗ್ಲಿಷಿನ್ಯಾಗ ಯಾರು ಸಾಯ್ತಾರ?”

ಫಿಟ್ಟರ್ ಪರೀಕ್ಷೆ ಪಾಸಾಗಿಯೂ ಚೀಲ ಹೊರುತ್ತಿದ್ದವನು ಅವನು. ಬೇಲಾಪುರ ರಸ್ತೆಯ ಪೈಪಿನ ಕಾರ್ಖಾನೆಯಲ್ಲಿ ಇಂಟರ್‌ವ್ಯೂ ಕೊಟ್ಟು ಬಂದಂದಿನಿಂದ ಅಂಚೆಯವನ ದಾರಿ ಕಾಯುತ್ತಿದ್ದ. ಚೂರಿನ ಮೇಲೆ ಅದೇ ಕಾರ್ಖಾನೆಯ ಹೆಸರು. ನೌಕರಿ ಇಲ್ಲ ಅನ್ನುವವರು ಟಪಾಲಿಗೆ ಖರ್ಚು ಮಾಡುವುದಿಲ್ಲ, ಸಿಕ್ಕಿದ್ದು ಖರೆ. ಆದರೆ ಯಾವತ್ತು ಹಾಜರಾಗಬೇಕೆಂಬುದು ಗಟಾರದ ಪಾಲಾಗಿತ್ತು. ಆ ದಿನ ತಪ್ಪಿದರೆ ಜಾಗ ಇನ್ನೊಬ್ಬನದು.

ಪಕ್ಕದ ಖೋಲಿಯ ವಸಂತಕುಮಾರನನ್ನು ಕರೆದರು. ಉಡುಪಿಯವನು, ಹೋಟೆಲಿನಲ್ಲಿ ಲೆಕ್ಕ ಬರೆಯುವವನು, ಟೈಪ್ ಬಲ್ಲವನು.

“ಟಪಾಲಿನಲ್ಲಿ ಕಳೆದುಹೋಯಿತು ಅಂತ ಬರೆಯುವಾ,” ಅಂದ ಅವನು.

“ಅಂಚಿಯವ ನನ್ನ ಕೈಯಾಗೇ ಕೊಟ್ಟಾನ. ಅವನ ಮ್ಯಾಲ ಯಾಕ ಹಾಕ್ತಿ? ನಾ ಹರದೆ ಅಂತ ಬರಿಯಣ್ಣಾ.”

“ಕಂಪನಿಗೆ ಹಾಗೆಲ್ಲ ಬರೆಯುವ ಕ್ರಮ ಇಲ್ಲ ಅಮ್ಮ. ಅವರು ಹೆದರಿಯಾರು.”

ಕೊನೆಗೆ ವಸಂತಕುಮಾರ ನಡುವಿನ ದಾರಿ ಹಿಡಿದ. ಮನೆಯಲ್ಲಿ ಸೂತಕವಾದ ಕಾರಣ ತಮ್ಮ ಪತ್ರ ಓದಲಾಗಲಿಲ್ಲ, ನೌಕರಿ ಒಪ್ಪಿದ್ದೇನೆ, ಹಾಜರಾಗುವ ದಿನ ದಯಮಾಡಿ ತಿಳಿಸಬೇಕು. ತನ್ನ ಇಂಗ್ಲಿಷನ್ನು ತಾನೇ ಎರಡು ಸಲ ಓದಿ ಸಂತೋಷಪಟ್ಟ.

ಉತ್ತರ ಬಂತು. ತಮ್ಮ ದುಃಖದಲ್ಲಿ ನಾವೂ ಭಾಗಿಗಳು, ದಿನಕರ್ಮ ಮುಗಿಸಿಯೇ ಬನ್ನಿ, ಬರುವಾಗ ಮರಣದ ದಾಖಲೆ ತನ್ನಿ.

“ಯಾರ ಮರಣದ್ದು?” ಎಂದಳು ಶರಣಬಸಮ್ಮ.

ಅದೇ ತೊಡಕು. ಮಾಪಣ್ಣ ಕಾಕಾ ಗಟ್ಟಿಯಾಗಿದ್ದಾನೆ, ಬದುವಿನ ಮೇಲೆ ಬೇವಿನ ಗಿಡ ಹಚ್ಚಿದ್ದಾನೆ ಎಂದು ಊರಿಂದ ಬಂದವರು ಹೇಳಿದ್ದರು. ಯಾರದಾದರೂ ದಾಖಲೆ ಹೊಂದಿಸಬಹುದು ಎಂದು ವಸಂತಕುಮಾರ ಗೊಣಗಿದ.

“ಬದುಕಿದ್ದವರನ್ನ ಸಾಯಿಸಿ ನೌಕರಿ ಮಾಡೂದು ಬ್ಯಾಡ,” ಎಂದಳು ಸಾಬವ್ವ. “ನಾ ಹೇಳ್ತೀನಿ, ನೀ ಬರಿ.”

ನಡೆದದ್ದನ್ನೆಲ್ಲ ಅವಳು ಹೇಳಿದಂತೆ ಅವನು ಟೈಪ್ ಮಾಡಿದ. ಒಂದು ಕಡೆ ಬೆರಳು ನಿಂತಿತು. “ತಲೆಗೆ ನೀರು ಹೊಯ್ದದ್ದು ಬೇಡ ಅಮ್ಮ.”

“ಅದು ಬಿಟ್ರ ಉಳಿದದ್ದೆಲ್ಲ ಸುಳ್ಳಾಗ್ತದ.”

ಅದನ್ನೂ ಹಾಕಿದ. ಸಾಬವ್ವ ಹೆಬ್ಬೆಟ್ಟು ಒತ್ತಿ, ಮಗನೊಂದಿಗೆ ತಾನೇ ಹೊರಟಳು.

ಕಾರ್ಖಾನೆಯ ಸಾಹೇಬ ಸೋಲಾಪುರದ ಕಡೆಯವನು, ಅರ್ಧ ಕನ್ನಡ ಬಲ್ಲವನು. ಎದುರಿನ ಬೆಂಚಿನ ಮೇಲೆ ಇನ್ನೊಬ್ಬ ಫಿಟ್ಟರ್ ಸರ್ಟಿಫಿಕೇಟು ಹಿಡಿದು ಕೂತಿದ್ದ. ಅವನನ್ನು ನೋಡಿ ಶಿವರಾಯ ತನ್ನ ಸರ್ಟಿಫಿಕೇಟನ್ನೂ ಮೇಜಿನ ಮೇಲಿಟ್ಟ. ಸಾಹೇಬ ಕಾಗದ ಓದಿದ, ಮತ್ತೆ ಮೊದಲಿನಿಂದ ಓದಿದ.

“ಮಾವಶಿ, ಸೂತಕ ಅಂತ ಬರದ್ರಿ. ನಾ ದುಃಖ ಅಂತ ಬರದೆ. ದೊಡ್ಡ ಸಾಹೇಬ್ರು ಸಹಿ ಮಾಡಿದ್ರು. ಈಗ ಸತ್ತವರೇ ಇಲ್ಲಂದ್ರ ಫೈಲಿನ್ಯಾಗ ಏನ್ ಬರೀಲಿ?”

“ಬದುಕಿದ್ದವರಿಗೆ ಅತ್ತರ ಆಯುಷ್ಯ ಹೆಚ್ಚಾಗ್ತದ ಅಂತಾರ್ರಿ ನಮ್ಮ ಕಡಿ. ನೀವೂ ದೊಡ್ಡ ಸಾಹೇಬ್ರೂ ಕೂಡಿ ಪುಣ್ಯದ ಕೆಲಸ ಮಾಡೀರಿ.”

“ಹೆಚ್ಚಾಗಿದ್ದು ಯಾರಿಗೆ?”

“ಕಾಗದದಾಗ ಹೆಸರೇ ಇರಲಿಲ್ಲಲ್ರಿ. ಆಯುಷ್ಯ ಯಾರಿಗರೆ ಹೋಗ್ಲಿ. ನೌಕರಿ ಮಾತ್ರ ಇವನಿಗೇ ಇರ್ಲಿ.”

ಸಾಹೇಬ ಫೈಲು ಮುಚ್ಚಿ, ನಗು ಕಾಣದಂತೆ ಮೂಗು ಉಜ್ಜಿಕೊಂಡು ಶಿವರಾಯನ ಕಡೆ ತಿರುಗಿದ.

“ಸೋಮವಾರದಿಂದ ಬಾ. ಕಾಗದ ಕಳಿಸೂದಿಲ್ಲ ನಾನು. ಬಾಯಿಲೇ ಹೇಳೀನಿ.”