ಕಿರುಚದ ಸೊಸೆ

ಅಶ್ಗಾಬಾದಿನಿಂದ ಸಿನಿಮಾದವರು ಬಂದು ಒಂಬತ್ತು ದಿನವಾಗಿತ್ತು. ಅಜ್ಜಿಯರ ಕಾಲದ ಕತೆಯಂತೆ. ಗಂಡನ ಮನೆಯಲ್ಲಿ ಏಟು ತಿಂದು ಬಾಳುವ ಸೊಸೆಯದು. ಮುರ್ಗಾಬ್ ನದಿಯ ಈ ದಂಡೆಯ ನಮ್ಮ ಹಳ್ಳಿಯವರನ್ನೂ ಆ ದಂಡೆಯವರನ್ನೂ ಹಳೇ ಬಟ್ಟೆ ತೊಡಿಸಿ ಗುಂಪಿನಲ್ಲಿ ಕೂರಿಸಿದ್ದರು. ಮಧ್ಯಾಹ್ನಕ್ಕೆ ಕುರಿಮಾಂಸದ ಪಲಾವ್ ಇದ್ದುದರಿಂದ ಯಾರೂ ಬೇಡವೆನ್ನಲಿಲ್ಲ.

ನಮ್ಮೂರ ಚಾರಿಯ ಹೆಂಡತಿ ಓಗುಲ್‌ಜೆರೆನ್‌ಗೆ ಕೊಟ್ಟ ಕೆಲಸ ಬೇರೆ. ಸೊಸೆಯಾದವಳು ಅತ್ತೆ ಮಾವನ ಎದುರು ತಲೆವಸ್ತ್ರದ ಚುಂಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಾತಿಲ್ಲದೆ ಇರಬೇಕಲ್ಲ, ಅದನ್ನು ನಾಯಕಿ ಸೆಲ್ಬಿಗೆ ಕಲಿಸಬೇಕು. ಪಟ್ಟಣದ ಹುಡುಗಿ, ಚುಂಗು ಬಾಯಿಂದ ಜಾರುತ್ತಲೇ ಇತ್ತು.

ಆ ಬೆಳಿಗ್ಗೆ ಆ ದಂಡೆಯ ಲಾರಿಯಲ್ಲಿ ಓಗುಲ್‌ಜೆರೆನ್‌ಳ ತಾಯಿ ಅನ್ನಾಬೀಬಿಯೂ ಬಂದಿದ್ದಳು. ಓಗುಲ್‌ಜೆರೆನ್ ಅವಳನ್ನು ರೊಟ್ಟಿ ಸುಡುವ ಒಲೆಯ ಹಿಂದಕ್ಕೆ ಕರೆದೊಯ್ದಳು.

"ಎಜೆ, ಸಂಜೆ ಲಾರೀಲಿ ನಾನೂ ಬರ್ತೀನಿ. ಈ ಸಲ ವಾಪಸ್ ಕಳಿಸ್ಬೇಡ."

"ಮತ್ತೆ ಶುರು ಮಾಡಿದ್ಯಾ," ಅಂದಳು ತಾಯಿ. "ಚಾರಿ ಎಂಥಾ ನಗುಮುಖದ ಗಂಡು. ಊರೇ ಹೊಗಳುತ್ತೆ. ಏನ್ ಮಾಡ್ತಾನೆ ಹೇಳು ಅಂದ್ರೆ ನೀನು ಹೇಳಲ್ಲ."

"ಹೇಳೋಕ್ ಬರಲ್ಲ, ಎಜೆ."

ನಿಜಕ್ಕೂ ಬರುತ್ತಿರಲಿಲ್ಲ. ಹದಿನಾಲ್ಕು ವರ್ಷ ಬಾಯಲ್ಲಿ ಬಟ್ಟೆ ಇಟ್ಟುಕೊಂಡವಳಿಗೆ ಮಾತು ಎಲ್ಲಿಂದ ಶುರು ಮಾಡಬೇಕೆಂದೇ ಮರೆತುಹೋಗಿತ್ತು.

ಅಂದಿನದು ಹೊಡೆಯುವ ದೃಶ್ಯ. ಗಂಡನ ವೇಷದವನು ಚಾವಟಿ ಎತ್ತಿದರೆ ಸಾಕು, ಸೆಲ್ಬಿ ನದಿಯಾಚೆಗೂ ಕೇಳುವಂತೆ ಕಿರುಚುತ್ತಿದ್ದಳು.

"ಬೆಳಗಿಂದ ಏಳು ಸಲ ಆಯ್ತು," ಅಂದಳು ಗುಂಪಿನಲ್ಲೊಬ್ಬ ಮುದುಕಿ. "ಅವಳ್ದು ಬಿಡಿ, ಹೊಡೆಯೋನಿಗೆ ಭುಜ ನೋಯಲ್ವಾ?"

"ಊಟಕ್ಕೆ ಬಿಟ್ಟು ಆಮೇಲೆ ಹೊಡೀಲಿ," ಅಂದಳು ಇನ್ನೊಬ್ಬಳು.

ನಿರ್ದೇಶಕ ಮೆರ್ಗೆನ್ ತಲೆ ಕೆರೆದುಕೊಂಡು, ಓಗುಲ್‌ಜೆರೆನ್‌ಳನ್ನು ಅತ್ತಿಗೆಯೆಂದು ಕರೆದು ಕೇಳಿದ. "ಗೆಲ್ನೆಜೆ, ಏನೋ ತಪ್ತಾ ಇದೆ. ನಿಮಗೇನಾದ್ರೂ ಗೊತ್ತಾಗುತ್ತಾ?"

"ಕಿರುಚ್ಬಾರ್ದು," ಅಂದಳು ಓಗುಲ್‌ಜೆರೆನ್. "ಮಾವ ಹೊರಗೆ ಕೂತಿದ್ದಾರೆ. ಸೊಸೆ ದನಿ ಅವರ ಕಿವಿಗೆ ಬೀಳ್ಬಾರ್ದಲ್ಲ."

"ಹಾಗಾದ್ರೆ ಏನ್ ಮಾಡ್ತಾಳೆ? ತೋರಿಸಿ."

ಅವಳು ತಾಯಿಯ ಕಡೆ ನೋಡಿದಳು. ಹೇಳಲಾಗದಿದ್ದರೆ ತೋರಿಸಬಹುದು ಎಂದು ಆಗ ಹೊಳೆಯಿತು.

ಮೊದಲು ಚಹಾದ ಕೆಟಲು, ಪಿಂಗಾಣಿ ಬಟ್ಟಲುಗಳನ್ನು ಒಡೆಯದ ಹಾಗೆ ಗೋಡೆಗೆ ಸರಿಸಿದಳು. ಚುಂಗನ್ನು ಮುಷ್ಟಿಯಷ್ಟು ಬಾಯೊಳಗೆ ತುರುಕಿಕೊಂಡಳು. ಮುಖ ಉಳಿಯಲಿ ಎಂದು ಗದ್ದವನ್ನು ಎದೆಗೆ ಒತ್ತಿ, ಎಡ ಭುಜವನ್ನು ಏಟಿಗೆ ಒಡ್ಡಿ ಕುಕ್ಕರಿಸಿದಳು. ಚಾವಟಿ ಇನ್ನೂ ಮೇಲೇಳದೆಯೇ ಅವಳ ಬೆನ್ನು ಒಮ್ಮೆ ಅದುರಿತು, ಸ್ವಲ್ಪ ಬಿಟ್ಟು ಇನ್ನೊಮ್ಮೆ. ಗಂಡನ ವೇಷದವನು ಚಾವಟಿಯನ್ನು ಕೆಳಗಿಟ್ಟುಬಿಟ್ಟ.

"ಯಾವ ನಾಟಕದವರ ಹತ್ರ ಕಲಿತ್ರಿ, ಗೆಲ್ನೆಜೆ?" ಅಂದ ಮೆರ್ಗೆನ್.

ಚಿತ್ರಕ್ಕೆ ತನ್ನ ಒಂಟೆ ಕೊಟ್ಟು ಪಕ್ಕದಲ್ಲೇ ನಿಂತಿದ್ದ ಚಾರಿ ನಕ್ಕ. "ಮನೇಲೇ ಪಾಠ ಆಗಿದ್ದು, ಸಾಹೇಬ್ರೆ. ಮೇಷ್ಟ್ರು ನಾನೇ."

ಎಲ್ಲರೂ ನಕ್ಕರು. ಚಾರಿ ಏನಂದರೂ ನಗುವುದು ನಮ್ಮೂರಿನ ರೂಢಿ. ನಗದೆ ಎದ್ದವಳು ಅನ್ನಾಬೀಬಿ ಒಬ್ಬಳೇ. ಬಂದು ಮಗಳ ಮುಂದೆ ಮಂಡಿಯೂರಿ, ಒದ್ದೆಯಾದ ಚುಂಗನ್ನು ಮೆಲ್ಲಗೆ ಹೊರಗೆಳೆದಳು. ಓಗುಲ್‌ಜೆರೆನ್‌ಳ ಎದೆ ಹಗುರಾಯಿತು. ಅಮ್ಮ ನೋಡಿದಳು, ಇನ್ನು ಕರೆದುಕೊಂಡು ಹೋಗುತ್ತಾಳೆ.

"ಹೀಗಲ್ಲ ಕಣೇ," ಎಂದಳು ತಾಯಿ ಪಿಸುದನಿಯಲ್ಲಿ. "ಎರಡು ಮಡಿಕೆ ಹಾಕ್ಬೇಕು. ಒಂದೇ ಆದ್ರೆ ನಾಲಿಗೆ ಕಚ್ಕೋತೀಯ."

ಮುದಿ ಬೆರಳುಗಳು ಬಟ್ಟೆಯತ್ತ ನೋಡದೆಯೇ ಮಡಚಿದವು. ಓಗುಲ್‌ಜೆರೆನ್ ಆ ಬೆರಳುಗಳನ್ನು ನೋಡಿದಳು. ಓಡಿಹೋಗಿ ಸೇರಿಕೊಳ್ಳಬೇಕೆಂದು ಇಷ್ಟು ವರ್ಷ ಕನಸು ಕಂಡ ಮನೆ, ಊರವರನ್ನೆಲ್ಲ ನಗಿಸುತ್ತಿದ್ದ ಅಪ್ಪ, ಗೋಡೆಯ ಪಕ್ಕ ಯಾವಾಗಲೂ ಸರಿಸಿಟ್ಟಿರುತ್ತಿದ್ದ ಬಟ್ಟಲುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

"ಸೊಗಸಾಗಿದೆ," ಅಂದ ಮೆರ್ಗೆನ್. "ಸೆಲ್ಬಿ, ನೋಡ್ಕೊಂಡ್ಯಾ? ಎರಡು ಮಡಿಕೆ."

ಸಂಜೆ ಲಾರಿಯ ಹತ್ತಿರ ತಾಯಿ ಮಗಳು ಇಬ್ಬರೇ ನಿಂತಿದ್ದರು.

"ಎಷ್ಟು ವರ್ಷ, ಎಜೆ?"

"ನಿಮ್ಮಪ್ಪನಿಗೆ ಲಕ್ವ ಹೊಡೆಯೋವರೆಗೂ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕ್ ಬರಲ್ಲ," ಅಂದಳು ಅನ್ನಾಬೀಬಿ. ಮಗಳ ಮುಖ ನೋಡಲಾಗದೆ ನದಿಯ ಕಡೆ ತಿರುಗಿದಳು. "ಬರ್ತೀಯೇನೇ? ಬಂದ್ರೆ ನಾಳೆ ನಿಮ್ಮಣ್ಣನೇ ಮತ್ತೆ ತಂದು ಬಿಡ್ತಾನೆ. ಅವನ ಹೆಂಡ್ತೀನೂ ಈಗ ಬಾಯಿ ತೆರೆಯಲ್ಲ."

ಡ್ರೈವರ್ ಹಾರನ್ ಹೊಡೆದ. ಓಗುಲ್‌ಜೆರೆನ್ ತಾಯಿಯ ಸೊಂಟಕ್ಕೆ ಕೈ ಕೊಟ್ಟು ಮೇಲೆ ಹತ್ತಿಸಿದಳು. ಏನೂ ಭಾರವಿರಲಿಲ್ಲ. ಲಾರಿ ಹೋದ ಮೇಲೂ ಅಲ್ಲೇ ನಿಂತಿದ್ದಳು. ಚಾರಿ ಒಂಟೆ ಬಿಚ್ಚಿಕೊಂಡು ಬಂದು, "ನಡಿ ನಟೀಮಣಿ," ಅಂದಾಗ ಅವನ ಹಿಂದೆ ಹೊರಟಳು.