ಮೂಗಿನ ಗಾಯ ಮಾಗುವವರೆಗೆ

ಉಪ್ಪುನೀರಿನ ಹನಿಯೊಂದು ಮೂಗಿನ ಹೊಳ್ಳೆಯಿಂದ ಜಾರಿ ತುಟಿಗೆ ಬಂತು, ಬೆಚ್ಚಗಿದೆ, ಸುಡುತ್ತಿಲ್ಲ, ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುವುದನ್ನು ಇವಳಿಗೆ ಯಾರು ಕಲಿಸಿದರು — ಅಮ್ಮಾ, ಅಲ್ಲಾಡ್ಬೇಡ, ಎನ್ನುತ್ತಾಳೆ ಪುಟ್ಟಗೌರಿ, ಎದುರಿಗೆ ಮಂಡಿಯೂರಿ, ಹಾಲುಹಲ್ಲು ಬಿದ್ದ ಸಂದಿಯಿಂದ ಉಸಿರು ಬಿಡುತ್ತ, ಉಸಿರಿನಲ್ಲಿ ಹುರಿಗಡಲೆಯ ವಾಸನೆ, ಗಂಗರತ್ನ ಜಗಲಿಯ ಕಂಬಕ್ಕೆ ತಲೆ ಆನಿಸಿ, ಆರು ವರ್ಷದ ಮಗಳ ಕೈಗೆ ತನ್ನ ಮುಖ ಕೊಟ್ಟು ಕೂತಿದ್ದಾಳೆ, ಮೂಗು ಚುಚ್ಚಿಸಿ ಇವತ್ತಿಗೆ ಮೂವತ್ತೊಂದು ದಿನ, ಹದಿನೈದಕ್ಕೆಲ್ಲ ಮಾಗ್ತದೆ ತಾಯಿ ಎಂದಿದ್ದ ಅಕ್ಕಸಾಲಿಗ, ಇದೇ ಜಗಲಿಯಲ್ಲಿ ಸೂಜಿಯನ್ನು ದೀಪಕ್ಕೆ ಹಿಡಿದು, ಹೆಬ್ಬೆರಳಿನಿಂದ ಮೂಗು ತಡವಿ, ಇಲ್ಲೊಂದು ಹಳೇ ತೂತಿತ್ತಲ್ಲವಾ, ಮುಚ್ಚೋಗದೆ, ಮುಚ್ಚಿದ ಜಾಗ ಗಟ್ಟಿ, ಸೂಜಿ ಇಳಿಯಾಕಿಲ್ಲ, ಪಕ್ಕದಾಗೆ ಆಕ್ಲಾ — ಆ ಹಳೆಯ ತೂತಿನಿಂದ ಮೂಗುಬೊಟ್ಟು ಬಿಚ್ಚಿದವಳು ಅತ್ತೆ ಸುಬ್ಬಮ್ಮನೇ, ನಾಲ್ಕು ವರ್ಷದ ಹಿಂದೆ, ಮಗ ಸತ್ತ ಹನ್ನೊಂದನೆಯ ದಿನ, ಯಶವಂತಪುರದ ಗೂಡ್ಸ್ ಷೆಡ್ಡಿನಿಂದ ಜ್ವರ ಹೊತ್ತು ಯಲಹಂಕಕ್ಕೆ ಬಂದವನು ಒಂದು ವಾರ ತಡೆಯಲಿಲ್ಲ, ಮೂಗುಬೊಟ್ಟಿನ ತಿರುಪು ಬಿಗಿದುಕೊಂಡು ಬರಲೊಲ್ಲದು, ಅತ್ತೆಯ ಬೆರಳು ಕೆನ್ನೆಗೆ ತಾಗುತ್ತಿತ್ತು, ತಣ್ಣಗೆ — ಪಕ್ಕದಾಗೇ ಆಕಯ್ಯ, ಎಂದವಳೂ ಸುಬ್ಬಮ್ಮನೇ.

ಕೂಡಿಕೆಯ ಮಾತು ತಂದವನು ಅತ್ತೆಯ ತಮ್ಮ ಚಿಕ್ಕಬೈರಪ್ಪ, ಗಂಡ ಸತ್ತವಳಿಗೆ ಇನ್ನೊಂದು ಮದುವೆ ಅವರ ಕುಲದಲ್ಲಿ ಹೊಸದಲ್ಲ, ಗಂಡು ನರಸಿಂಹಯ್ಯ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್, ಮತ್ತಿಕೆರೆಯಲ್ಲಿ ಹೆಂಚಿನ ಮನೆ, ಸತ್ತ ಹೆಂಡತಿ ಬಿಟ್ಟುಹೋದ ಇಬ್ಬರು ಗಂಡುಮಕ್ಕಳು, ಕೆಟ್ಟವನಲ್ಲ, ಕಾಫಿ ಕುಡಿದ ಲೋಟ ತೊಳೆಯಲು ತಾನೇ ಎದ್ದವನು, ನೀವು ಟೀಚರ್ ಕೆಲ್ಸ ಬಿಡೋದೇನ್ ಬೇಡ ಕಣ್ರೀ ಎಂದವನು, ಆದರೆ ನಮ್ಮಮ್ಮ ಬರಿಮೂಗಿನವಳನ್ನ ಒಳಗೆ ಕರ್ಕೊಳಲ್ಲ, ಚುಚ್ಚಿಸ್ಲಿ, ಗಾಯ ಮಾಗ್ಲಿ, ಆಮೇಲೆ ದಿನ ನೋಡೋಣ — ಅವನು ಕಣ್ಣೆತ್ತಿ ನೋಡಿದಾಗ ಅವಳಿಗೆ ಸಂತೋಷವಾಗಿತ್ತು, ಸುಳ್ಳೇಕೆ, ನಾಲ್ಕು ವರ್ಷದಲ್ಲಿ ಯಾರೂ ಹಾಗೆ ನೋಡಿರಲಿಲ್ಲ, ಹೂಂ ಎಂದುಬಿಟ್ಟಳು, ಅಂದ ಮೇಲೆ ತಾನೇ ಚಿಕ್ಕಬೈರಪ್ಪ ನಗುತ್ತ ನಗುತ್ತ ಹೇಳಿದ್ದು, ಮದ್ಲನೆ ಗಂಡನ ಕೂಸು ಆ ಮನೇದು ಕಣವ್ವ, ನಮ್ಮಲ್ಲಿ ಇರಾದೇ ಇಂಗೆ, ಕೂಡಿಕೆ ಎಣ್ಣು ಕೂಸ್ನ ಸೆರಗಲ್ಲಿ ಕಟ್ಕಂಡು ಓಯ್ತಾಳಾ, ನರಸಿಂಹಯ್ಯ ನೆಲ ನೋಡುತ್ತ, ಸದ್ಯಕ್ಕೆ ಅಜ್ಜಿ ಹತ್ರ ಇರ್ಲಿ ಬಿಡಿ, ಎಂದ, ಸದ್ಯಕ್ಕೆ, ಮಕ್ಕಳ ಕಾಪಿಯಲ್ಲಿ ಅಂಥ ಪದ ಕಂಡರೆ ಅವಳು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾಳೆ, ಎಷ್ಟು ದಿನ ಎಂದು ಬರೆ, ಆವತ್ತು ಕೇಳಲಿಲ್ಲ, ಸುಬ್ಬಮ್ಮ ಒಳಗೆ ಅಕ್ಕಿ ಆರಿಸುತ್ತ, ನಾನ್ ಕಣ್ಮುಚ್ಚಿದ್ರೆ ನಿನ್ನ ಈ ಮನೇಲಿ ಮೈದುನ್ದೀರು ಇಟ್ಕಂತಾರೇನೇ, ಓಗು, ಬದುಕ್ಕೋ, ಅದೊಂದ್ ಕೂಸ್ನ ನಂಗ್ ಬಿಡು, ನನ್ ಮಗಂದು ಇನ್ನೇನೈತೆ — ಮಹಾರಾಣಿ ಕಾಲೇಜಿನಲ್ಲಿ ಕಲಿತ ಯಾವ ವಾದವೂ ಆ ಅಕ್ಕಿಯ ಮೊರದ ಮುಂದೆ ನಿಲ್ಲಲಿಲ್ಲ.

ಹತ್ತಿ ಮತ್ತೆ ನೀರಿಗಿಳಿಯಿತು, ಹಿಂಡುವ ಪುಟ್ಟ ಸದ್ದು, ಗಾಯವೊಂದೇ ಗಂಗರತ್ನಳ ಕೈಯಲ್ಲಿತ್ತು, ಅದು ಮಾಗದಿದ್ದರೆ ಕೂಡಿಕೆಯ ದಿನ ಗೊತ್ತಾಗುವುದಿಲ್ಲ, ಮೊದಮೊದಲು ಬೆಳಿಗ್ಗೆ ಅತ್ತೆ ತೊಳೆದು ಅರಿಶಿನದೆಣ್ಣೆ ಮುಟ್ಟಿಸುವಳು, ಸಂಜೆ ಗಂಗರತ್ನ ಶಾಲೆಯಿಂದ ಬಂದವಳೇ ಬಚ್ಚಲಿಗೆ ಹೋಗಿ ಬಾಗಿಲು ಮುಚ್ಚಿ, ಸೀಮೆಸುಣ್ಣದ ಕೈಯಲ್ಲೇ ಮೂಗಿನ ತಂತಿ ತಿರುಗಿಸುವಳು, ಕಣ್ಣಲ್ಲಿ ನೀರು ಬರುವಷ್ಟು, ಮೂರನೆಯ ತರಗತಿಗೆ ಕೈ ತೊಳೆಯುವ ಪಾಠ ಹೇಳಿ ಬಂದವಳು, ಕೀವು ಕಟ್ಟಿದ ದಿನ ಎರಡು ಮುದ್ದೆ ಉಂಡಳು, ಏನವ್ವ, ಬಿ.ಎ. ಓದಿರೋ ಮೂಗು ಬೇಗ ಮಾಗಾಕಿಲ್ವೇನೋ, ಎಂದು ಚಿಕ್ಕಬೈರಪ್ಪ ಚುಚ್ಚಿದಾಗ ನಕ್ಕಳು ಕೂಡ — ಇಪ್ಪತ್ತನೆಯ ದಿನ ಬಚ್ಚಲ ಬಾಗಿಲು ತಳ್ಳಿದವಳು ಸುಬ್ಬಮ್ಮ, ಸುಣ್ಣದ ಬೆರಳು ಹಿಡಿದು ನೋಡಿದಳು, ಮೂಗು ನೋಡಿದಳು, ಬಯ್ಯಲಿಲ್ಲ, ಬೈದಿದ್ದರೆ ಎದುರು ಮಾತಾಡಬಹುದಿತ್ತು, ಮಾರನೆಯ ಬೆಳಿಗ್ಗೆ ಉಪ್ಪುನೀರಿನ ಬಟ್ಟಲನ್ನು ಮಗುವಿನ ಕೈಗಿಟ್ಟು, ನಿಮ್ಮವ್ವನ ಮೂಗು ಇವತ್ತಿಂದ ನಿಂದು, ಇನ್ಯಾರೂ ಮುಟ್ಟಂಗಿಲ್ಲ, ಅವಳೂವೆ.

ಅಂದಿನಿಂದ ಈ ಕಾವಲು, ಅಮ್ಮ ಶಾಲೆಯಿಂದ ಬರುವಾಗ ಪುಟ್ಟಗೌರಿ ಬೀದಿಯ ತಿರುವಿನಲ್ಲೇ ನಿಂತಿರುತ್ತಾಳೆ, ಕೈ ತೋರ್ಸು, ತೊಳ್ಕೋ, ಉಗುರು ತೋರ್ಸು, ರಾತ್ರಿ ಅಮ್ಮನ ಎರಡೂ ಕೈ ತನ್ನ ಕೈಯೊಳಗಿಟ್ಟು ಮಲಗುತ್ತಾಳೆ, ಆ ಹಿಡಿತ ಬಿಡಿಸಿಕೊಂಡು ಮೂಗು ಮುಟ್ಟಲು ಯಾವ ತಾಯಿಗೆ ಕೈ ಬರುತ್ತದೆ, ಮೊದಲ ದಿನ ಹತ್ತಿಗೆ ಹಳದಿ, ಆಮೇಲೆ ಕಂದು, ಆಮೇಲೆ ಉಗುರಿನಷ್ಟು ರಕ್ತದ ಗೆರೆ, ಒಂದೊಂದನ್ನೂ ಅಜ್ಜಿಗೆ ಒಯ್ದು ತೋರಿಸುತ್ತಾಳೆ, ಪರೀಕ್ಷೆಯ ಹಾಳೆಯಂತೆ — ಬೇಗ ವಾಸಿ ಮಾಡ್ಬಿಡ್ತೀನಿ ಅಮ್ಮ, ಮತ್ತಿಕೆರೇಲಿ ಆ ಅಣ್ಣಂದಿರ ಹತ್ರ ಮೂರು ಚಕ್ರದ ಸೈಕಲ್ ಇದೆಯಂತೆ, ನಂಗೂ ಕೊಡ್ತಾರಾ — ನಿನ್ನೆ ಮತ್ತಿಕೆರೆಗೆ ಒಯ್ಯುವ ಟ್ರಂಕು ತೆಗೆದರೆ ಮಡಿಸಿದ ಸೀರೆಗಳ ಅಡಿಯಲ್ಲಿ ಮಗಳೇ ಇಟ್ಟ ಎರಡು ಲಂಗ, ಅಂಚು ಒಡೆದ ಸ್ಲೇಟು, ಗಂಗರತ್ನ ಅವನ್ನು ಹೊರಗಿಡಲಿಲ್ಲ, ಮುಚ್ಚಳ ಹಾಕಿ ಅದರ ಮೇಲೆ ಕೂತಳು, ನೀನು ಇಲ್ಲೇ ಉಳಿಯಬೇಕು ಎಂದು ಮಗುವಿಗೆ ಹೇಳಬೇಕು, ಅಜ್ಜಿ ಹೇಳುವುದಿಲ್ಲ, ಚಿಕ್ಕಬೈರಪ್ಪ ನಗುತ್ತ ಹೇಳಿಬಿಡುತ್ತಾನೆ, ಅದಕ್ಕೆ ಮೊದಲು, ಈಗಲೇ, ಹೆದರಿಸದಂಥ ಮಾತು ಹುಡುಕಿ, ಸುಳ್ಳಲ್ಲದ ಮಾತು, ಗೌರೀ — ಮಾತಾಡ್ಬೇಡ ಅಮ್ಮ, ಮಾತಾಡಿದ್ರೆ ಮೂಗು ಅಲ್ಲಾಡುತ್ತೆ, ನೋವಾಗುತ್ತೆ, ಎಂದು ಒದ್ದೆ ಬೆರಳನ್ನು ಅವಳ ತುಟಿಯ ಮೇಲಿಟ್ಟಳು, ಇಟ್ಟು, ಇನ್ನೊಂದು ಕೈಯಿಂದ ತಂತಿಯ ಸುತ್ತ ಒರೆಸಿದಳು, ಒಳಗೂ ಹೊರಗೂ, ನೋವಿಲ್ಲ, ಎಷ್ಟು ಹುಡುಕಿದರೂ ನೋವಿಲ್ಲ, ಮಗು ಹತ್ತಿಯನ್ನು ಬಿಸಿಲಿಗೆ ಹಿಡಿಯಿತು, ತಿರುಗಿಸಿತು, ಮತ್ತೆ ತಿರುಗಿಸಿತು — ನೋಡಮ್ಮ, ಏನೂ ಇಲ್ಲ — ತಾಯಿಯ ಅಂಗೈ ಬಿಡಿಸಿ ಅದರಲ್ಲಿಟ್ಟು ಅಜ್ಜೀ ಎಂದು ಒಳಗೆ ಓಡಿತು, ಅಂಗೈಯಲ್ಲಿ ಹತ್ತಿ, ಒದ್ದೆ ಹತ್ತಿ, ಬೆಳ್ಳಗೆ, ಎಲ್ಲಿ ನೋಡಿದರೂ ಬೆಳ್ಳಗೆ