ಗುಡ್ಡದ ಜೀರುಂಡೆ, ಬಯಲಿನ ಚೀಟಿ

ವಸ್ತುಸಂಗ್ರಹಾಲಯದ ಕೀಟ ವಿಭಾಗದಲ್ಲಿ ಆಕೆಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷವಾಗಿತ್ತು. ನೆಲದಲ್ಲಿ ಹೂತಿಟ್ಟ ಪ್ಲಾಸ್ಟಿಕ್ ಲೋಟಗಳಿಗೆ ಬಿದ್ದ ನೆಲಜೀರುಂಡೆಗಳನ್ನು ತೊಳೆದು, ಜಾತಿವಾರು ಬೇರೆ ಮಾಡಿ, ಸೂಜಿ ಚುಚ್ಚಿ, ಎಲ್ಲಿ ಯಾವಾಗ ಸಿಕ್ಕಿತೆಂದು ಸಾಸಿವೆಕಾಳಿನಂಥ ಅಕ್ಷರಗಳಲ್ಲಿ ಚೀಟಿ ಬರೆದು ಸಿಕ್ಕಿಸುವುದು ಆಕೆಯ ಕೆಲಸ. ಮುನ್ನೂರ ಹನ್ನೆರಡು ಜಾತಿಗಳು. ಬೀಜ ತಿನ್ನುವವು, ಬಸವನಹುಳು ತಿನ್ನುವವು, ಸಿಟ್ಟು ಬಂದರೆ ಹಿಂಬದಿಯಿಂದ ಬಿಸಿ ಹೊಗೆ ಚಿಮ್ಮಿಸುವವು. ಯಾವುದು ಎಲ್ಲೆಲ್ಲಿದೆ ಎಂಬ ನಕಾಶೆಯ ಪುಸ್ತಕ ಕೊನೆಗೂ ಅಚ್ಚಿಗೆ ಹೋಗುವುದರಲ್ಲಿತ್ತು. ಅಕ್ಕನ ಕಣ್ಣೂ ಸೊಂಟವೂ ಅದಕ್ಕಿಂತ ಮೊದಲೇ ಕೈಕೊಟ್ಟಿದ್ದವು.

ಒಂದು ಸೋಮವಾರ ವಿಭಾಗದ ಮುಖ್ಯಸ್ಥರು ಪೆಟ್ಟಿಗೆಯೊಂದನ್ನು ತಂದು ಆಕೆಯ ಮೇಜಿನ ಮೇಲಿಟ್ಟರು. ವಯಸ್ಸಿನಲ್ಲಿ ಆಕೆಗಿಂತ ಚಿಕ್ಕವರು. ಅವರು ವಿದ್ಯಾರ್ಥಿಯಾಗಿ ಬಂದಾಗ ಸೂಜಿ ಹಿಡಿಯುವುದನ್ನು ಕಲಿಸಿದವಳು ಆಕೆಯೇ.

"ಅಕ್ಕ, ಇದನ್ನ ನೋಡಿ. ಅಂಚಲ್ಲಿ ನೇರಳೆ ಬಣ್ಣ ಇರೋದು. ಇದು ಗುಡ್ಡದ ಜೀರುಂಡೆ. ಚೀಟಿಲಿ ಮಾತ್ರ ಕಾಲುವೆ ಪಕ್ಕದ ಸಸಿತೋಟ ಅಂತಿದೆ."

"ಅಕ್ಷರ ನಂದೇ."

"ಗುಡ್ಡ ಎಲ್ಲಿ, ಕಾಲುವೆ ಎಲ್ಲಿ! ನಲವತ್ತು ಮೈಲಿ. ಇದಕ್ಕೆ ಹಾರೋಕೇ ಬರಲ್ಲ, ಮೇಲಿನ ರೆಕ್ಕೆಗಳು ಅಂಟಿಕೊಂಡುಬಿಟ್ಟಿವೆ. ನಡ್ಕೊಂಡು ಬರೋಕೆ ಸಾವಿರ ವರ್ಷ ಬೇಕು." ಅವರು ದನಿ ತಗ್ಗಿಸಿದರು. "ತಾರೀಕು ನೋಡಿದೆ ಅಕ್ಕ. ನಿಮ್ಮಮ್ಮ ಆಸ್ಪತ್ರೆಲಿದ್ದ ತಿಂಗಳು. ಚೀಟಿ ಅದಲುಬದಲು ಆಗಿರುತ್ತೆ ಬಿಡಿ. ಯಾರಿಗಾದ್ರೂ ಆಗುತ್ತೆ. ನಕಾಶೆಯಿಂದ ಆ ಚುಕ್ಕೆ ತೆಗೆದುಬಿಡ್ತೀನಿ."

ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಅಕ್ಕ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡು ಚೀಟಿಯ ತಾರೀಕನ್ನು ಓದಿದಳು.

ಒಂಬತ್ತು ವರ್ಷದ ಹಿಂದಿನ ಆ ತಿಂಗಳು ಆಕೆ ಆಸ್ಪತ್ರೆಯಿಂದ ಸೀದಾ ಕೆಲಸಕ್ಕೆ, ಕೆಲಸದಿಂದ ಸೀದಾ ಆಸ್ಪತ್ರೆಗೆ ಓಡಾಡಿದ್ದಳು. ಅಮ್ಮನ ಕೊನೆಯ ಮಧ್ಯಾಹ್ನ ಆಕೆ ಇದೇ ಮೇಜಿನ ಮುಂದೆ ಚೀಟಿ ಬರೆಯುತ್ತಿದ್ದಳು. ಇವತ್ತಿನ ಕೆಲಸ ಮುಗಿಸಿ ಹೋದರಾಯಿತು ಅಂದುಕೊಂಡು ಕೂತವಳು, ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಅಮ್ಮನನ್ನು ಬಿಟ್ಟು ಮಾಡಿದ ಆ ಕೆಲಸವೂ ತಪ್ಪಾಗಿತ್ತು ಎಂದರೆ ತನ್ನ ಕೈಯಲ್ಲಿ ಇನ್ನೇನು ಉಳಿಯಿತು?

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದವನು.

"ರೀ, ಕಾಲುವೆ ಹತ್ರ ಮತ್ತೆ ಲೋಟ ಹೂಳ್ಬೇಕು. ರಜಾದಿನ ಬರ್ತೀರಾ?"

"ಮೂವತ್ತು ವರ್ಷ ಮನುಷ್ಯರನ್ನ ತುಂಬ್ಕೊಂಡು ಹೋದೆ, ಇನ್ನು ಹುಳಾನೂ ತುಂಬ್ಕೊಂಡು ಬರೋಣ ನಡಿ," ಎಂದನವನು.

ಸಸಿತೋಟದ ಬೇಲಿಯುದ್ದಕ್ಕೂ ಹನ್ನೆರಡು ಲೋಟಗಳನ್ನು ಬಾಯಿ ನೆಲಕ್ಕೆ ಸಮ ಬರುವಂತೆ ಹೂತರು. ಗುಂಡಿ ತೋಡುವುದು ಗಂಡ, ಮಂಡಿಯೂರಿ ಮಣ್ಣು ಒತ್ತುವುದು ಅವಳು. ಎದ್ದು ನಿಲ್ಲುವಾಗ ಪ್ರತಿ ಸಲವೂ ಅವನ ಭುಜ ಬೇಕಾಗುತ್ತಿತ್ತು. ವಾರವಾರ ಬಂದು ನೋಡಿದರು. ಮೊದಲ ವಾರ ಎಲ್ಲೆಲ್ಲೂ ಸಿಗುವ ಕಪ್ಪು ಜೀರುಂಡೆಗಳು, ಇರುವೆ, ಒಂದು ಜೇಡ. ಎರಡನೆಯ ವಾರವೂ ಅದೇ. ಮೂರನೆಯ ವಾರ ಯಾರೋ ನಾಲ್ಕು ಲೋಟ ಕಿತ್ತೆಸೆದಿದ್ದರು. ನಾಲ್ಕನೆಯ ವಾರ ಒಂದು ಕಪ್ಪೆ.

"ಇದು ಹಾರುತ್ತಾ?" ಎಂದು ಗಂಡ ಕೇಳಿದ. ಅಕ್ಕನಿಗೆ ನಗು ಬರಲಿಲ್ಲ.

ಐದನೆಯ ವಾರವೂ ಏನಿಲ್ಲ. "ಸಾಕ್ರೀ, ಕಿತ್ತುಬಿಡಿ," ಎಂದಳು. "ಸರ್ ಹೇಳಿದ್ದೇ ಸರಿ ಇರ್ಬೇಕು. ಆಗ ನಂಗೆ ಕಣ್ಣು ಬಿಟ್ರೂ ಏನೂ ಕಾಣ್ತಿರ್ಲಿಲ್ಲ."

ಲೋಟ ಕೀಳುತ್ತಿದ್ದಾಗ ಸಸಿತೋಟದ ಮಾಲಿ ಹೆಂಗಸು ನೀರಿನ ಪೈಪು ಎಳೆದುಕೊಂಡು ಬಂದಳು. "ಐದು ವಾರದಿಂದ ನೋಡ್ತಿದ್ದೀನಿ, ಏನು ಹುಡುಕ್ತಿದ್ದೀರಮ್ಮ?"

"ಜೀರುಂಡೆ. ಕರೀದು, ಅಂಚಲ್ಲಿ ನೇರಳೆ ಬಣ್ಣ."

"ಅಯ್ಯೋ, ಬೇಲಿ ಹತ್ರ ಹುಡುಕಿದ್ರೆ ಎಲ್ಲಿ ಸಿಗುತ್ತೆ? ಅವು ಹಿತ್ತಲ ಮಣ್ಣಿನ ಗುಡ್ಡೆ ಬಿಟ್ಟು ಕದಲಲ್ಲ. ಬನ್ನಿ."

ಹಿತ್ತಲಲ್ಲಿ ಕಪ್ಪು ಮಣ್ಣಿನ ರಾಶಿಯ ಪಕ್ಕ ಹಳೆಯ ಹಲಗೆಯೊಂದು ಬಿದ್ದಿತ್ತು. ಮಾಲಿ ಅದನ್ನು ಕಾಲಿನಿಂದ ಎತ್ತಿದಳು. ಒದ್ದೆ ನೆಲದ ಮೇಲೆ ಎರಡು ಜೀರುಂಡೆಗಳು ಬೆಳಕಿಗೆ ಬೆದರಿ ಓಡಿದವು. ಅಕ್ಕ ಒಂದನ್ನು ಬೆರಳುಗಳ ನಡುವೆ ಹಿಡಿದು ಕಣ್ಣಿನ ಹತ್ತಿರ ತಂದಳು. ನೇರಳೆ ಅಂಚು. ಅಂಟಿಕೊಂಡ ರೆಕ್ಕೆ.

"ಈ ಮಣ್ಣು ಎಲ್ಲೀದು?"

"ಗುಡ್ಡದ್ದು. ಹೂಗಿಡಕ್ಕೆ ಅಂತ ಹನ್ನೆರಡು ವರ್ಷದಿಂದ ಲಾರೀಲಿ ತರಿಸ್ತಾರೆ. ಅದರ ಜೊತೇಲೇ ಬಂದಿದ್ವು."

ಅಕ್ಕ ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತಳು. ಗಂಡ ಬಂದು ಪಕ್ಕದಲ್ಲಿ ನಿಂತ. "ಚೀಟಿ ಸರಿಯಾಗೇ ಬರ್ದಿದ್ದೆ ಕಣ್ರೀ," ಎಂದಳು. ಅವನು ಏನೂ ತಮಾಷೆ ಮಾಡಲಿಲ್ಲ.

ಮರುದಿನ ಮುಖ್ಯಸ್ಥರು ಜೀರುಂಡೆಯನ್ನು ಸೂಕ್ಷ್ಮದರ್ಶಕದಡಿ ಬಹಳ ಹೊತ್ತು ನೋಡಿದರು. "ನಂದೇ ತಪ್ಪು ಅಕ್ಕ," ಎಂದರು. "ಆದ್ರೆ ಲಾರೀಲಿ ಬಂದಿದ್ದಕ್ಕೆ ತುಂಬಿದ ಚುಕ್ಕೆ ಹಾಕೋ ಹಾಗಿಲ್ಲ. ಹೊರಗಿಂದ ಬಂದದ್ದು ಅನ್ನೋಕೆ ಖಾಲಿ ವೃತ್ತ ಹಾಕ್ತೀನಿ. ಕೆಳಗೆ ನಿಮ್ಮ ಹೆಸರು ಬರುತ್ತೆ."

"ಹೆಸರು ಹಾಕಿ, ಇಲ್ಲಾ ಬಿಡಿ. ನಂಗೆ ರಜೆ ಬೇಕು ಸರ್."

"ಎಷ್ಟು ದಿನ?"

"ಹದಿನೈದು."

ಅಚ್ಚಿನ ಕರಡು ತಿದ್ದುವುದಿದೆ, ಇನ್ನೂರು ಬಾಟಲಿ ಹುಳುಗಳನ್ನು ತೊಳೆಯುವುದಿದೆ ಎಂದು ಅವರು ಗೊಣಗಿ, ಒಂದು ವಾರಕ್ಕೆ ಒಪ್ಪಿದರು. ಅಕ್ಕ ವಾದ ಮಾಡಲಿಲ್ಲ. ಹಗಲು ಹನ್ನೊಂದಕ್ಕೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಹಾಸಿಗೆಯ ಮೇಲೆ ಒರಗಿ ಸಂಜೆಯವರೆಗೆ ನಿದ್ದೆ ಮಾಡಿದಳು. ಎದ್ದ ಮೇಲೆ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಅಮ್ಮನ ಬಗ್ಗೆ ಗಂಡನ ಹತ್ತಿರ ಮಾತು ತೆಗೆದಳು.